ಒಡೆದ ಉಗುರಿನ ಗುರುತು

ಹಲವು ದಿನದಿಂದ ಕಾಣೆಯಾಗಿದ್ದ ತಂಗಿ ರಂಜನಾ ಇನ್ನಿಲ್ಲವೆಂಬ ಸುದ್ದಿ ಬಂದಾಗ ನಾನು ತುಳಸಿಕಟ್ಟೆಗೆ ನೀರು ಹಾಕುತ್ತಿದ್ದೆ.

ಫೋನಿನ ಆ ಕಡೆ ತಂಗಿಯ ಗಂಡ ಸತೀಶ. "ಭಾವಾ, ಚಿತ್ತಾಕುಲದ ದಂಡೆಗೆ ಒಂದು ಹೆಣ ಬಂದದಂತೆ. ಹಸಿರು ಸೀರೆ ಅಂತ ಹೇಳ್ತಾ ಇದ್ರು. ಬೇಗ ಬನ್ನಿ."

ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಪೂರ್ತಿ ಹಾಕಿ, ಕೈ ಮುಗಿದು, ಆಮೇಲೆ ಅಂಗಿ ತೊಟ್ಟೆ. ಅವಸರ ಮಾಡಿದರೆ ಸುದ್ದಿ ನಿಜವಾಗಿಬಿಡುತ್ತದೆ ಎಂದು ಅನ್ನಿಸಿರಬೇಕು.

ಕಾಳಿ ಹೊಳೆ ಸಮುದ್ರ ಸೇರುವಲ್ಲಿ, ದೋಣಿಗಳ ಹಿಂದೆ, ತೆಂಗಿನ ಗರಿಯ ಮಡಿಲು ಮುಚ್ಚಿ ಇಟ್ಟಿದ್ದರು. ಹಲವು ದಿನ ನೀರಿನಲ್ಲಿದ್ದ ದೇಹ. ಮುಖ ಮುಖವಾಗಿ ಉಳಿದಿರಲಿಲ್ಲ, ಬೆರಳು ಬೆರಳಾಗಿ ಉಳಿದಿರಲಿಲ್ಲ. ಸೀರೆ ಮಾತ್ರ ಉಳಿದಿತ್ತು. ಚೌತಿಗೆ ನಾನೇ ತಂಗಿಗೆ ಕೊಟ್ಟ ಸೀರೆ. ಅಂಚಿನ ತುಂಬ ಮಾವಿನಕಾಯಿ.

ಸತೀಶ ನೋಡಿದವನೇ, "ಹೌದು, ನನ್ನ ಹೆಂಡತಿ," ಎಂದ. ಕುತ್ತಿಗೆಯಲ್ಲಿ ತಾಳಿ ಇರಲಿಲ್ಲ. "ಹೊಳೆ ಒಯ್ದಿರ್ತದೆ," ಎಂದರು ಯಾರೋ. ಪೊಲೀಸ್ ಇಲಾಖೆಯಲ್ಲಿ ಜಮಾದಾರನಾಗಿ ಎಷ್ಟೋ ಹೆಣಗಳ ಪಂಚನಾಮೆ ಬರೆದ ನಾನು, ಆ ದಿನ ಬರೀ ಅಣ್ಣನಾಗಿ ನಿಂತಿದ್ದೆ.

ಅದಾಗಿ ಈಗ ವರ್ಷ ತುಂಬುತ್ತ ಬಂದಿದೆ. ಬರುವ ಸೋಮವಾರ ಅವಳ ವರ್ಷದ ತಿಥಿ. ಮಲ್ಲಾಪುರದ ಸತೀಶನ ಮನೆಯಲ್ಲಿ ಭಟ್ಟರಿಗೆ ಹೇಳಿಯಾಗಿದೆ, ನೆಂಟರನ್ನು ಕರೆದಾಗಿದೆ.

ಶುಕ್ರವಾರ ಬೆಳಿಗ್ಗೆ ರಂಜನಾಳ ಮಗಳು ಪ್ರೇಕ್ಷಾ ಅಂಕೋಲೆಯ ನನ್ನ ಮನೆಗೆ ಬಂದಳು. ಚಪ್ಪಲಿ ಕಳಚುವ ಮೊದಲೇ ಹೇಳಿದಳು.

"ಮಾವಾ, ಸೋಮವಾರದ ಕಾರ್ಯ ನಿಲ್ಸು."

"ಎಂಥ ಮಾತು ಮಗಾ ಇದು?"

"ಬದುಕಿದ್ದವರಿಗೆ ಪಿಂಡ ಇಡ್ತಾರಾ?"

ನಾನು ಅವಳ ಮುಖ ನೋಡಿದೆ. ಅತ್ತ ಮುಖವಲ್ಲ. ರಾತ್ರಿ ನಿದ್ದೆ ಮಾಡದ, ಆದರೆ ಏನನ್ನೋ ಕಂಡುಹಿಡಿದ ಮುಖ.

ಅವಳು ಚೀಲದಿಂದ ಎರಡು ಕಾದಂಬರಿ ತೆಗೆದು ಜಗುಲಿಯ ಮೇಲೆ ಇಟ್ಟಳು. ಒಂದು ಹಳೆಯದು, ಬೆನ್ನು ಹರಿದು ಅಂಟು ಪಟ್ಟಿ ಹಚ್ಚಿದ್ದು. ಇನ್ನೊಂದು ಹೊಸದು. ಹೊಸದರ ಹೊದಿಕೆಯ ಮೇಲೆ ಒಂದು ದೀಪಸ್ತಂಭ, ಅದರ ಬುಡದಲ್ಲಿ ಬಿಳಿ ಅಂಗಿಯ ಚೆಂದದ ಯುವಕ. ದೀಪಸ್ತಂಭಕ್ಕೆ ನೆರಳಿತ್ತು, ಅವನಿಗೆ ಇರಲಿಲ್ಲ.

"ಅಮ್ಮನ ಹುಚ್ಚು ನಿಂಗೆ ಗೊತ್ತಲ್ಲ."

ಗೊತ್ತಿಲ್ಲದೆ ಏನು! ರಂಜನಾ ಅನ್ನಕ್ಕೆ ಇಟ್ಟರೂ ಕೈಯಲ್ಲಿ ಪ್ರೇಮಕತೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ನಾಯಕ ಬದುಕಿರುತ್ತಾನೆ, ಡಾಕ್ಟರೋ ಎಂಜಿನಿಯರೋ ಆಗಿರುತ್ತಾನೆ. ಇನ್ನೊಂದರಲ್ಲಿ ನಾಯಕ ಸತ್ತವನು, ಇಲ್ಲವೇ ಯಕ್ಷ, ಇಲ್ಲವೇ ಮನುಷ್ಯನ ವೇಷದ ನಾಗ. ತಂಗಿಗೆ ಎರಡನೆಯದೇ ಹೆಚ್ಚು ಪ್ರೀತಿ. "ದೇವರ ಪುಸ್ತಕ ಓದೇ," ಎಂದರೆ, "ಅಣ್ಣಾ, ಇದರಲ್ಲೂ ಸತ್ತವರು ಬತ್ತಾರೆ, ಪುರಾಣದಲ್ಲೂ ಬತ್ತಾರೆ. ನಿಂದು ದಪ್ಪ ಪುಸ್ತಕ, ನಂದು ತೆಳು, ಅಷ್ಟೇ," ಎನ್ನುತ್ತಿದ್ದಳು.

"ಅಮ್ಮ ಹೋದ ಮೇಲೆ," ಎಂದಳು ಪ್ರೇಕ್ಷಾ, "ಅವಳು ಓದಿದ್ದನ್ನೆಲ್ಲ ನಾನು ಓದೂಕೆ ಹಿಡಿದೆ. ಮೊದಲು ಅಳೂಕೆ ಓದ್ತಾ ಇದ್ದೆ. ಈಗ ಖರೇನೇ ಇಷ್ಟ ಆಗ್ತದೆ. ಅಮ್ಮ ಓದಿದ್ದು ಯಾವುದು ಅಂತ ನಂಗೆ ಗೊತ್ತಾಗ್ತದೆ. ಗುರುತು ಇರ್ತದಲ್ಲ."

"ಯಾವ ಗುರುತು?"

"ಪರಮೇಶ್ವರಕ್ಕನ ಲೈಬ್ರರಿಯಲ್ಲಿ ಎಲ್ಲಾ ಹೆಂಗಸರೂ ಇಡ್ತಾರೆ. ಈ ಕಾದಂಬರಿಗಳ ಹೆಸರು ಎಲ್ಲಾ ಒಂದೇ ನಮೂನೆ. ಓದಿದ್ದನ್ನೇ ಮತ್ತೆ ಬಾಡಿಗೆಗೆ ತಂದು ಬೇಜಾರು ಮಾಡ್ಕಳ್ತಾರೆ. ಅದಕ್ಕೆ ಒಬ್ಬೊಬ್ಬರದ್ದು ಒಂದೊಂದು ಗುರುತು. ಒಬ್ರು ಕುಂಕುಮ ಹಚ್ಚೂದು, ಒಬ್ರು ಮೂಲೆ ಮಡಚೂದು. ಅಮ್ಮ ಉಗುರು ಒತ್ತೂದು."

ಅವಳು ಹಳೆಯ ಪುಸ್ತಕದ ಒಂದು ಪುಟ ಬಿಡಿಸಿ ಬೆಳಕಿಗೆ ಓರೆಯಾಗಿ ಹಿಡಿದಳು. ಸಾಲಿನ ಪಕ್ಕ, ಖಾಲಿ ಜಾಗದಲ್ಲಿ, ಬಿದಿಗೆ ಚಂದ್ರನಂಥ ಒಂದು ಗೆರೆ. ಗೆರೆ ನಡುವೆ ತುಂಡಾಗಿತ್ತು.

ಚಿಕ್ಕವಳಿದ್ದಾಗ ರಂಜನಾ ಈಳಿಗೆಮಣೆಯ ಮೇಲೆ ಬಂಗಡೆ ಕೊಯ್ಯಲು ಹೋಗಿ ಬಲಗೈ ಹೆಬ್ಬೆರಳು ಸೀಳಿಕೊಂಡಿದ್ದಳು. ನಾನೇ ಅರಿಸಿನ ಒತ್ತಿ ಬಟ್ಟೆ ಸುತ್ತಿದ್ದೆ. ಆ ಉಗುರು ಮತ್ತೆ ಒಂದಾಗಲಿಲ್ಲ. ಎರಡು ಹೋಳಾಗಿಯೇ ಬೆಳೆಯಿತು.

"ಈಗ ಇದನ್ನ ನೋಡು."

ಹೊಸ ಪುಸ್ತಕ. ನೆರಳಿಲ್ಲದ ನಾವಿಕನದು. ಅದರ ನಡುವಿನ ಒಂದು ಪುಟದಲ್ಲಿ ಅದೇ ಗೆರೆ. ಅದೇ ಬಾಗು, ನಡುವೆ ಅದೇ ತುಂಡು. ಎರಡನ್ನೂ ಪಕ್ಕಪಕ್ಕ ಇಟ್ಟು ಕನ್ನಡಕದ ಹಿಂದಿನಿಂದ, ಕನ್ನಡಕ ತೆಗೆದು, ಭೂತಗನ್ನಡಿ ಹಿಡಿದು ನೋಡಿದೆ. ಒಂದೇ ಕೈ.

"ಇದರ ಮೊದಲ ಪುಟ ನೋಡು ಮಾವಾ. ಅಚ್ಚಾದದ್ದು ಈ ವರ್ಷ. ಅಮ್ಮನನ್ನ ನಾವು ಸುಟ್ಟದ್ದು ಹೋದ ವರ್ಷ."

ಪ್ರೇಕ್ಷಾ ನಗಲು ಪ್ರಯತ್ನಿಸಿದಳು. "ಲೈಬ್ರರಿ ಹೆಂಗಸರಿಗೆ ಹೇಳಿದ್ರೆ ಅಮ್ಮನ ಭೂತ ಬಂದು ಓದ್ತದೆ ಅಂತಾರೆ."

"ಪ್ರೇತಕ್ಕೆ ಹಸಿವು ಅದೆ, ಬಾಯಾರಿಕೆ ಅದೆ ಅಂತ ಶಾಸ್ತ್ರ ಹೇಳ್ತದೆ. ಬಾಡಿಗೆ ಕಾದಂಬರಿ ಓದೂ ಆಸೆ ಅದೆ ಅಂತ ನಾನು ಎಲ್ಲೂ ಕೇಳಲಿಲ್ಲ ಮಗಾ. ಆದರೆ ಈ ಗುರುತು ಇನ್ಯಾರಾದ್ರೂ ಬೇಕಂತ ಮಾಡಿದ್ದಿರಬಹುದು."

"ಗೆರೆ ಮಾಡಬಹುದು. ಜಾಗ ಹ್ಯಾಂಗೆ ಗೊತ್ತಾಗಬೇಕು?"

"ಯಾವ ಜಾಗ?"

"ಅಮ್ಮ ಸಿಕ್ಕಲ್ಲಿ ಒತ್ತೂದಿಲ್ಲ. ನಾನೂ ಎಷ್ಟೋ ಪುಸ್ತಕ ನೋಡಿದ ಮೇಲೆ ತಿಳ್ಕಂಡದ್ದು. ಪ್ರೀತಿ ಅದೆ ಅಂತ ಹೇಳಿದ ಕಡೆ ಅಲ್ಲ, ಕೈ ಹಿಡಿದ ಕಡೆ ಅಲ್ಲ. ನಾಯಕ ಮೊದಲ ಸಲ ಅವಳ ಹತ್ರ 'ಊಟ ಆಯ್ತಾ' ಅಂತ ಕೇಳ್ತಾನಲ್ಲ, ಅಲ್ಲಿ."

ನಾನು ಹಳೆಯ ಪುಸ್ತಕದ ಗೆರೆಯ ಪಕ್ಕದ ಸಾಲು ಓದಿದೆ. ಎಂಜಿನಿಯರು ಕೇಳುತ್ತಿದ್ದ. ಹೊಸದರ ಸಾಲು ಓದಿದೆ. ನಾವಿಕ ಕೇಳುತ್ತಿದ್ದ.

ಸತೀಶನ ಔಷಧದ ಅಂಗಡಿ ಮಲ್ಲಾಪುರದಲ್ಲಿ ಚೆನ್ನಾಗಿ ನಡೆಯುತ್ತದೆ. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ನನ್ನ ತಂಗಿ ಪುಸ್ತಕದಿಂದ ಪುಸ್ತಕಕ್ಕೆ ಹುಡುಕುತ್ತಿದ್ದದ್ದು ಇದನ್ನೇ ಎಂದು ನನಗೆ ತಿಳಿದಿರಲಿಲ್ಲ.

"ನಿನ್ನ ಅಪ್ಪನಿಗೆ ಹೇಳಿದ್ಯಾ?"

"ಇಲ್ಲ. ಮೊದಲು ನಿಂಗೆ."

"ಸದ್ಯ ಬೇಡ."

* * *

ಹೊರಡುವ ಮೊದಲು ಆ ಪುಸ್ತಕವನ್ನು ಓದಲೇಬೇಕಿತ್ತು. ಸುಳಿವು ಇರುವ ವಸ್ತುವನ್ನು ಪೂರ್ತಿ ನೋಡದೆ ಬಿಡಬಾರದು ಎಂಬುದು ಹಳೆಯ ಅಭ್ಯಾಸ. ಹಾಗೆಂದೇ ತೆರೆದೆ. ಮಧ್ಯಾಹ್ನದ ಗಂಜಿ ಆರಿಹೋದದ್ದು ತಿಳಿಯಲಿಲ್ಲ.

ಒಂದು ಸಣ್ಣ ಬಂದರಿನ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬರುತ್ತಾಳೆ. ಪ್ರತಿ ಸಂಜೆ ಒಬ್ಬ ನಾವಿಕ ಕೈಯ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಾನೆ. ಗಾಯ ಮಾಯುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಒಂದು ದಿನ ದೀಪ ಹಚ್ಚುವಾಗ ಅವನಿಗೆ ನೆರಳಿಲ್ಲವೆಂದು ಅವಳಿಗೆ ಕಾಣುತ್ತದೆ. ಅವಳು ಓಡುವುದಿಲ್ಲ. ಪಟ್ಟಿ ಕಟ್ಟಿ ಮುಗಿಸುತ್ತಾಳೆ. ಆಗ ಅವನು ಕೇಳುತ್ತಾನೆ, ಊಟ ಆಯಿತೇ ಎಂದು. ತಾನು ಉಣ್ಣಲಾರದವನು ಕೇಳುತ್ತಾನೆ.

ನಾನು ಪುಸ್ತಕ ಮುಚ್ಚಿದೆ. ಮತ್ತೆ ತೆರೆದೆ. ಆ ಡಾಕ್ಟರಮ್ಮನ ಗತಿ ಏನಾಯಿತೆಂದು ತಿಳಿಯದೆ ಏಳುವುದು ಸಾಧ್ಯವಾಗಲಿಲ್ಲ.

"ಮಾವಾ, ಸುಳಿವು ಸಿಕ್ತಾ?" ಎಂದು ಪ್ರೇಕ್ಷಾ ಬಾಗಿಲಲ್ಲಿ ನಿಂತು ಕೇಳಿದಳು.

"ತಡಿ, ಇನ್ನು ಸ್ವಲ್ಪವೇ ಅದೆ," ಎಂದೆ. ಅವಳು ಬಹಳ ತಿಂಗಳ ಮೇಲೆ ಬಾಯ್ತುಂಬ ನಕ್ಕಳು.

* * *

ಅಂಕೋಲೆ ಪೇಟೆಯ ಪರಮೇಶ್ವರಿಯ ಅಂಗಡಿಯಲ್ಲಿ ಮುಂದೆ ಸೀರೆಗೆ ಫಾಲ್ ಹಚ್ಚುವ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ನೆಲದಿಂದ ಮಾಡಿನವರೆಗೆ ಕಾದಂಬರಿ. ಘಟ್ಟದ ಮೇಲಿನ ಹೆಗಡೆಯವರ ಮಗಳು ಅವಳು. ಮಾತು ಹೊಲಿಗೆ ಯಂತ್ರಕ್ಕಿಂತ ಜೋರು.

"ಬನ್ನಿ ನಾಯ್ಕರೇ, ಕೂತ್ಕಳಿ. ನೀವೂ ಮೆಂಬರ್ ಆಗ್ತ್ರಾ ಹೆಂಗೆ?"

"ಇದನ್ನ ಓದಿದೆ," ಎಂದು ನಾವಿಕನ ಪುಸ್ತಕ ತೋರಿಸಿದೆ.

"ನೀವಾ!" ಅವಳು ಯಂತ್ರ ನಿಲ್ಲಿಸಿದಳು. "ಚಲೋ ಇದ್ದಲ್ಲ? ನಮ್ಮ ಹೆಂಗಸರು ಹೇಳ್ತ, ಬದುಕಿದ ಗಂಡಸಿಗಿಂತ ಸತ್ತ ಗಂಡಸೇ ವಾಸಿ ಅಂತ. ಕೂಗಾಡೂದಿಲ್ಲ, ಸಾರಿಗೆ ಉಪ್ಪು ಕಡಿಮೆ ಅನ್ನೂದಿಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ಬತ್ತ."

"ಇದನ್ನ ಯಾರು ಯಾರು ಒಯ್ದಿದ್ರು?"

"ಬರೆದಿಡೂ ಅಭ್ಯಾಸ ಇಲ್ಲೆ. ಎಲ್ಲಾ ತಲೇಲೇ. ಹೊಸ ಪುಸ್ತಕ, ಮೂರೇ ಜನ. ಮೊದಲು ಬ್ಯಾಂಕಿನ ಕವನಾ. ಅವಳು ಅತ್ತೂ ಅತ್ತೂ ಪುಟ ಉಬ್ಬಿಸಿ ತತ್ತಳು, ಮೂಲೆ ಮಡಚ್ತಳು. ಆಮೇಲೆ ಬೊಮ್ಮಿ. ಆಮೇಲೆ ನಿಮ್ಮ ಪ್ರೇಕ್ಷಾ."

"ಯಾವ ಬೊಮ್ಮಿ?"

"ಪೇಟೆಯಲ್ಲಿ ಹರಿವೆ ಮಾರ್ತಲ್ಲ, ಹಾಲಕ್ಕಿ ಒಕ್ಕಲ ಬೊಮ್ಮಿ."

ಬೊಮ್ಮಿ ನಮ್ಮ ತಾಯಿಯ ಕಾಲದಿಂದ ನಮ್ಮ ಮನೆಗೆ ಸೊಪ್ಪು ಕೊಟ್ಟವಳು. ರಂಜನಾಳನ್ನು ಸೊಂಟದ ಮೇಲೆ ಎತ್ತಿ ಆಡಿಸಿದವಳು. ಅವಳಿಗೆ ಒಂದಕ್ಷರ ಬರುವುದಿಲ್ಲ.

"ನಾನೂ ಕೇಳಿದೆ," ಎಂದಳು ಪರಮೇಶ್ವರಿ. "ಮೊಮ್ಮಗಳು ಓದಿ ಹೇಳ್ತು ಅಂತಳು. ಬೇಸಗೆಯಿಂದ ಶುರು ಮಾಡಿದ್ದು. ಯಾವುದು ಬೇಕು ಅಂದ್ರೆ, ಸತ್ತವ ಬರೂದು ಕೊಡಿ ಅಂತಳು. ಒಂದು ತಮಾಷೆ ಕೇಳಿ. ಮಳೆಗಾಲದಲ್ಲಿ ಯಕ್ಷನ ಕತೆ ಒಂದು ಕೊಟ್ಟೆ. ಮರುದಿನವೇ ತಂದು ಇಟ್ಟಳು. 'ಇದು ಓದಿದ್ದಾಯ್ತಂತೆ, ಬೇರೆ ಕೊಡಿ' ಅಂದಳು. ನಾನು ಅವಳಿಗೆ ಆ ಪುಸ್ತಕ ಅದರ ಮೊದಲು ಕೊಟ್ಟೇ ಇಲ್ಲೆ!"

ಪ್ರೇಕ್ಷಾ ನನ್ನ ತೋಳು ಹಿಡಿದಳು.

"ಆ ಪುಸ್ತಕ ಅದೆಯಾ?"

ಪರಮೇಶ್ವರಿ ಏಣಿ ಹತ್ತಿ ತೆಗೆದುಕೊಟ್ಟಳು. ಯಕ್ಷ ಊಟ ಕೇಳುವ ಪುಟವನ್ನು ಪ್ರೇಕ್ಷಾ ಹುಡುಕಿದಳು. ತುಂಡಾದ ಚಂದ್ರ ಅಲ್ಲಿತ್ತು. ಈ ಗೆರೆ ಹಳೆಯದು, ಅದರೊಳಗೆ ಧೂಳು ಕೂತಿತ್ತು. ರಂಜನಾ ಮನೆಯಲ್ಲಿದ್ದಾಗಲೇ ಒತ್ತಿದ್ದು.

ನನ್ನ ಮಟ್ಟಿಗೆ ಹೊಸ ಗುರುತಿಗಿಂತ ಈ ಹಳೆಯ ಗುರುತೇ ದೊಡ್ಡ ಸಾಕ್ಷಿ. ಬೊಮ್ಮಿ ಒಯ್ದ ಪುಸ್ತಕವನ್ನು ಯಾರೋ ತೆರೆದಿದ್ದಾರೆ. ತನ್ನದೇ ಗುರುತು ಕಂಡಿದ್ದಾರೆ. ಓದಿದ್ದಾಯಿತು, ಬೇರೆ ತಾ ಎಂದಿದ್ದಾರೆ. ಅಡಗಿ ಕೂತವರು ಎಷ್ಟು ಎಚ್ಚರವಾಗಿದ್ದರೂ, ಓದಿದ ಕಾದಂಬರಿಯ ಬದಲು ಹೊಸದು ಕೇಳುವ ಆಸೆ ತಡೆಯಲಾಗಲಿಲ್ಲ.

* * *

ಇಳಿಹೊತ್ತಿನ ಪೇಟೆ. ಬೊಮ್ಮಿ ಗೋಣಿ ಹಾಸಿ ಕೆಂಪು ಹರಿವೆ, ಮೂಲಂಗಿ, ಗುಂಡುಬದನೆ ಹರಡಿ ಕೂತಿದ್ದಳು. ಕುತ್ತಿಗೆ ತುಂಬ ಮಣಿಸರ. ಚೊಂಬಿನಿಂದ ನೀರು ತೆಗೆದು ಸೊಪ್ಪಿಗೆ ಚಿಮುಕಿಸುತ್ತಿದ್ದಳು.

"ಹರಿವೆ ಹ್ಯಾಂಗೆ ಬೊಮ್ಮಿ?"

"ನಿಮಗೆ ಹ್ಯಾಂಗೆ ಕೊಡೂದು ಒಡ್ಯಾ? ಪೊಲೀಸ್ರು ದುಡ್ಡು ಕೊಟ್ಟು ಸೊಪ್ಪು ತಕಂಡದ್ದು ನಾನು ಕಾಣ್ಲಿಲ್ಲ."

"ನಾನು ಈಗ ಪೊಲೀಸ ಅಲ್ಲ."

"ಮೀನಿನ ಬುಟ್ಟಿ ತೊಳದ್ರೆ ವಾಸ್ನೆ ಹೋತದ್ಯಾ?"

ಪಕ್ಕದ ಮೂಲಂಗಿಯವಳು ಕಿಸಕ್ಕನೆ ನಕ್ಕಳು. ನಾನು ಗೋಣಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ನೆರಳಿಲ್ಲದ ನಾವಿಕನ ಕತೆ ಭಾರೀ ಚಲೋ ಅದೆ ಅಲ್ಲ?"

ನೀರು ಚಿಮುಕಿಸುವ ಕೈ ನಿಂತಿತು. ಒಂದು ಗಳಿಗೆ ಮಾತ್ರ.

"ಯಾವ ನಾವಿಕ? ನಂಗೆ ಬಸ್ಸಿನ ಬೋರ್ಡು ಓದೂಕೂ ಬರೂದಿಲ್ಲ. ನಮ್ಮ ಪುಟ್ಟು ಓದ್ತದೆ, ನಾನು ಕೇಳ್ತೆ."

"ಪುಟ್ಟು ಎಷ್ಟನೇ ಇಯತ್ತೆ?"

"ಎರಡು."

"ಎರಡನೇ ಇಯತ್ತೆ ಕೂಸು ಪ್ರೇಮದ ಕಾದಂಬರಿ ಓದ್ತದೆ?"

"ಈಗಿನ ಮಕ್ಕಳು ಭಾರೀ ಹುಷಾರು ಒಡ್ಯಾ. ನಿಮ್ಮ ಕಾಲದ ಹಾಂಗೆ ಅಲ್ಲ."

"ಹಾಗಾದ್ರೆ ಕತೆ ಹೇಳು ನೋಡ್ವಾ. ನಂಗೆ ಕೊನೆ ಸರಿಯಾಗಿ ತಿಳೀಲಿಲ್ಲ."

ಇದೊಂದು ಬೇಟೆಗಾರನ ಬಲೆ ಎಂದು ಅವಳಿಗೆ ತಿಳಿದಿರಬೇಕು. ಆದರೆ ಕತೆ ಹೇಳು ಎಂದರೆ ಬೊಮ್ಮಿಯ ಬಾಯಿ ಸುಮ್ಮನಿರದು. ಡಾಕ್ಟರಮ್ಮ ಬಸ್ಸಿಳಿದದ್ದರಿಂದ ಹಿಡಿದಳು. ಆಸ್ಪತ್ರೆಯ ಜಿಪುಣ ಅಡಿಗೆಯವನನ್ನು ಬೈದಳು. ನಾವಿಕನ ಗಾಯ ಹೇಳುವಾಗ ತನ್ನ ಕೈಯನ್ನೇ ತೋರಿಸಿದಳು. ಮೂಲಂಗಿಯವಳು ತನ್ನ ಗಿರಾಕಿಯನ್ನು ಮರೆತು ಕೇಳತೊಡಗಿದಳು.

"ದೀಪ ಹಚ್ದ್ರು. ಆಕೆ ನೆರಳು ಗೋಡೆ ಮೇಲೆ ಬಿತ್ತು. ಅವಂದು ಬೀಳ್ಲಿಲ್ಲ. ಆಕೆ ಓಡ್ಲಿಲ್ಲ ಕಾಣು! ಗಟ್ಟಿ ಹೆಂಗ್ಸು. ಪಟ್ಟಿ ಕಟ್ಟಿ ಮುಗ್ಸಿದ್ಳು. ಆಗ ಅವ ಕೇಳ್ತಾ, ಡಾಕ್ಟ್ರೇ, ಊಟ ಆಯ್ತಾ..."

ಬೊಮ್ಮಿ ನಿಲ್ಲಿಸಿದಳು.

"ಆಮೇಲೆ?" ಎಂದಳು ಮೂಲಂಗಿಯವಳು.

"ತಡಿಯೇ. ಇಲ್ಲಿ ಸ್ವಲ್ಪ ತಡೀಬೇಕು. ಇಲ್ಲಿ ಯಾವಾಗ್ಲೂ ಹೀಂಗೆ ಒತ್ತಿ, ಒಂದು ಚೂರು ಸುಮ್ನೆ ಕೂತು, ಮತ್ತೆ ಮುಂದೆ..."

ಅವಳ ಬಲಗೈ ಹೆಬ್ಬೆರಳು ಒಂದು ಹರಿವೆ ಎಲೆಯ ಮೇಲೆ ಒತ್ತಿ ನಿಂತಿತ್ತು.

ಅದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು. ಕೈ ಹಿಂದೆ ಸರಿಯಿತು.

"ಬೊಮ್ಮಿ," ಎಂದೆ ಮೆಲ್ಲಗೆ, "ಸೋಮವಾರ ಭಟ್ಟರು ಆಕೆಯ ಹೆಸರು ಹೇಳಿ ಪಿಂಡ ಇಡಿಸ್ತಾರೆ. ಬದುಕಿದವಳ ಹೆಸರಿಗೆ ಇಟ್ಟರೆ ಆ ಪಾಪ ಯಾರ ತಲೆಗೆ? ನೀನೇ ಎತ್ತಿ ಆಡಿಸಿದ ಕೂಸು ಅದು."

"ನಂಗೆ ಗೊತ್ತಿಲ್ಲ."

"ನನ್ನ ಮುಖ ನೋಡಿ ಹೇಳು."

"ಪೊಲೀಸ್ರ ಮುಖ ಯಂತ ನೋಡೂದು!" ಅವಳು ಸೊಪ್ಪನ್ನು ಸುಮ್ಮನೆ ಅತ್ತಿಂದಿತ್ತ ಎತ್ತಿಟ್ಟಳು. ಕಣ್ಣು ತುಂಬಿತ್ತು. "ಶಾಂತಾದುರ್ಗೆ ಆಣೆ ಹಾಕ್ಸಿದ್ರು ನಂಗೆ. ಹೇಳಿದ್ರೆ ಹೊಟ್ಟೆ ಹುರಿದು ಸಾಯ್ತೆ."

ಪೇಟೆಯ ಗದ್ದಲವೆಲ್ಲ ನನ್ನ ಕಿವಿಗೆ ಕೇಳದಾಯಿತು. ಆಣೆ ಹಾಕಿಸಲು ಬಾಯಿ ಬೇಕು, ಬಾಯಿಗೆ ಉಸಿರು ಬೇಕು. ದೇವರೇ, ನನ್ನ ತಂಗಿ ಬದುಕಿದ್ದಾಳೆ.

ಪ್ರೇಕ್ಷಾ ಗೋಣಿಯ ಮೇಲೆಯೇ ಕೂತಳು. ಅಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದೇ ಬೇರೆ.

"ಬೊಮ್ಮಜ್ಜಿ, ಅಮ್ಮನ ಕನ್ನಡಕ ನಮ್ಮ ಮನೇಲೇ ಅದೆ. ಅವಳು ಹ್ಯಾಂಗೆ ಓದ್ತಾಳೆ?"

ಮುದುಕಿ ಅದಕ್ಕೆ ಸೋತಳು. "ನಾನೇ ತಂದುಕೊಟ್ಟೆ ತಂಗೀ. ರಸ್ತೆ ಬದಿ ಮಾರ್ತ್ರಲ್ಲ, ಅದು. ಒಂದು ಕಣ್ಣಿಗೆ ಸರಿ ಆಗ್ತದೆ, ಒಂದಕ್ಕೆ ಆಗೂದಿಲ್ಲ ಅಂತ್ರು. ಒಂದು ಕಣ್ಣು ಮುಚ್ಕಂಡು ಓದ್ತ್ರು."

"ಮಗಳಿಗೆ ಯಾಕೆ ಹೇಳಲಿಲ್ಲ? ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಮಗಳು ಅದೇ ಮನೇಲಿ ಅದೆ ಅಂತ್ರು. ತಾನು ಬದುಕಿದ ಸುದ್ದಿ ಅಲ್ಲಿ ಗೊತ್ತಾದ್ರೆ ಮಗಳ ಜೀವಕ್ಕೆ ಕುತ್ತು ಅಂತ್ರು. ನಿಮಗೆ ಹೇಳಿದ್ರೆ ನೀವು ಸುಮ್ನೆ ಇರ್ತ್ರಾ?"

"ಯಾರಿಂದ ಕುತ್ತು?"

ಬೊಮ್ಮಿ ಪ್ರೇಕ್ಷಾಳನ್ನು ನೋಡಿದಳು.

"ಹೇಳು ಅಜ್ಜೀ," ಎಂದಳು ಪ್ರೇಕ್ಷಾ.

"ಈಗ ಎಲ್ಲಿದ್ರು ಅಂತ ಹೇಳಬಾರ್ದು ಅಂತ ಆಣೆ ಅದೆ. ಇದಕ್ಕೆ ಆಣೆ ಇಲ್ಲ. ಆ ದಿನ ಒಬ್ಳು ಹೆಂಗ್ಸು ಮಲ್ಲಾಪುರದ ಮನೆ ಬಾಗ್ಲಿಗೆ ಬಂದ್ಳಂತೆ. ಪರ ಊರಿನವ್ಳು. ಉಟ್ಟ ಸೀರೆ ಹರಿದಿತ್ತಂತೆ. ರಂಜನಕ್ಕ ತಮ್ಮ ಹಸಿರು ಸೀರೆ ಉಡೂಕೆ ಕೊಟ್ರು, ಉಣ್ಣೂಕೆ ಹಾಕಿದ್ರು. ಉಂಡಾದ ಮೇಲೆ ಅವ್ಳು ಯಂತದೋ ಹೇಳಿದ್ಳು. ಅದನ್ನ ಕೇಳಿ ರಂಜನಕ್ಕ ಹಾಂಗೇ ಎದ್ದು ಅಂಕೋಲೆ ಬಸ್ಸು ಹತ್ತಿದ್ರು. ಅವ್ಳು ಅಲ್ಲೇ ಉಳದ್ಳು. ನಿಮ್ಮ ತಂಗಿ ಗಂಡ ಬರ್ಲಿ, ಮುಖಕ್ಕೆ ಮುಖ ಕೊಟ್ಟು ಕೇಳ್ತೆ ಅಂತ."

"ಯಂತ ಹೇಳಿದ್ಳು ಅವಳು?"

"ಅದು ನಂಗೆ ಹೇಳ್ಲಿಲ್ಲ. ಆಮೇಲೆ ಹೆಣ ಬಂತು. ಗಂಡನೇ ಹೋಗಿ ಇದು ನನ್ನ ಹೆಂಡ್ತಿ ಅಂದ ಅಂತ ಪೇಪರಿನಲ್ಲಿ ಓದಿದ್ರು. ಆ ದಿನದಿಂದ ಹೊಸ್ತಿಲು ದಾಟ್ಲಿಲ್ಲ."

ಒಂದು ವರ್ಷದಿಂದ ಮನಸ್ಸಿನ ಮೂಲೆಯಲ್ಲಿ ಚುಚ್ಚುತ್ತಿದ್ದ ಮುಳ್ಳು ಈಗ ಕೈಗೆ ಸಿಕ್ಕಿತು. ಅವಳು ಅಂಕೋಲೆ ಬಸ್ಸು ಹತ್ತಿದ್ದನ್ನು ಊರವರು ಕಂಡಿದ್ದರು. ಹಾಗೆ ಹೋದವಳು ಕಾಳಿ ಹೊಳೆಗೆ ಹೇಗೆ ಬಿದ್ದಳು? ಕಾರವಾರದಲ್ಲಿ ಇಳಿದು ಸೇತುವೆಗೆ ಹೋಗಿರಬೇಕು ಎಂದು ಎಲ್ಲರೂ ಅಂದುಕೊಂಡರು. ಆದರೆ ಕಾಳಿ ಹರಿಯುವುದು ಸತೀಶನ ಹಿತ್ತಲಿನ ಆಚೆಯೇ. ಅಲ್ಲಿ ನೀರಿಗೆ ಬಿದ್ದದ್ದು ಕೊನೆಗೆ ಚಿತ್ತಾಕುಲದ ದಂಡೆಗೇ ಬರುತ್ತದೆ. ಕುತ್ತಿಗೆಯಲ್ಲಿ ತಾಳಿ ಇರದಿದ್ದುದು ಹೊಳೆ ಒಯ್ದದ್ದರಿಂದ ಅಲ್ಲ. ಆ ಕುತ್ತಿಗೆ ನನ್ನ ತಂಗಿಯದಲ್ಲ.

ಪ್ರೇಕ್ಷಾ ನೆಲ ನೋಡುತ್ತ ಹೇಳಿದಳು.

"ಆ ದಿನ ನಾನು ಕಾಲೇಜಿಂದ ಬಂದಾಗ ಅಪ್ಪ ಹಿತ್ತಲು ತೊಳೀತಾ ಇದ್ದ. ಅಮ್ಮ ಎಲ್ಲಿ ಅಂದ್ರೆ, ಲೈಬ್ರರಿಗೆ ಹೋದಳು ಅಂದ. ಅಪ್ಪ ಕೈಯಲ್ಲಿ ಕಸಬರಿಗೆ ಹಿಡಿದದ್ದು ನಾನು ಹುಟ್ಟಿದ ಮೇಲೆ ಕಾಣಲಿಲ್ಲ ಮಾವಾ. ಅಷ್ಟು ಪ್ರೀತಿ ಅನ್ನಿಸ್ತು ನಂಗೆ. ಒಳಗೆ ಹೋಗಿ ಅವನಿಗೆ ಚಾ ಮಾಡಿ ಕೊಟ್ಟೆ."

ಅವಳ ತಲೆಯ ಮೇಲೆ ಕೈ ಇಡಲು ಹೋದೆ. ಅಷ್ಟರಲ್ಲಿ ಅವಳ ಫೋನು ಕೂಗಿತು. ಪರದೆಯ ಮೇಲೆ 'ಅಪ್ಪ' ಎಂದಿತ್ತು. ಅವಳು ಅದನ್ನು ಕೆಂಡದಂತೆ ನನ್ನ ಕೈಗೆ ಹಾಕಿದಳು.

"ಭಾವಾ, ನೀವೇ ಸಿಕ್ಕಿದ್ದು ಒಳ್ಳೇದಾಯ್ತು," ಎಂದ ಸತೀಶ. ದನಿ ಎಂದಿನಂತೆ ಮೆತ್ತಗೆ. "ಸೋಮವಾರದ ಅಡಿಗೆಗೆ ಹರಿವೆ ಬೇಕಾಗಿತ್ತು. ಹೇಗೂ ಪೇಟೆಯಲ್ಲಿದ್ದೀರಲ್ಲ, ಬೊಮ್ಮಿಗೆ ಹೇಳಿಬಿಡಿ. ಹೊತ್ತು ತರೂದು ಬೇಡ. ಅವಳ ಮನೆಗೆ ನಾನೇ ಹೋಗಿ ಒಯ್ತೆ. ಇವತ್ತೇ."

"ನೀನು ಈಗ ಎಲ್ಲಿದ್ದೆ ಸತೀಶ?"

"ಇಲ್ಲೇ ಅಂಗಡಿಯಲ್ಲಿ, ಮಲ್ಲಾಪುರದಲ್ಲಿ. ಹಾಂ, ಮತ್ತೊಂದು. ಮನೇಲಿ ಓದಿ ಆದ ಪುಸ್ತಕ ಇದ್ರೆ ಅದನ್ನೂ ಕೊಡೂಕೆ ಹೇಳಿ. ಲೈಬ್ರರಿಗೆ ನಾನೇ ಮುಟ್ಟಿಸ್ತೆ."

ಅವನ ಮಾತಿನ ಹಿಂದಿನಿಂದ ಒಬ್ಬ ಕಂಡಕ್ಟರನ ಕೂಗು ಕೇಳಿಸಿತು. ಯಲ್ಲಾಪುರ, ಹುಬ್ಬಳ್ಳಿ, ಹುಬ್ಬಳ್ಳಿ. ಅದೇ ಕೂಗು ನನ್ನ ಇನ್ನೊಂದು ಕಿವಿಗೂ ಬಂತು, ಅಂಗಡಿ ಸಾಲಿನ ಆಚೆಯ ಅಂಕೋಲೆ ಬಸ್ ನಿಲ್ದಾಣದಿಂದ. ಮಗಳ ಬೆನ್ನು ಹಿಡಿದೇ ಬಂದಿರಬೇಕು.

ಫೋನು ನಿಂತಿತು. ಬೊಮ್ಮಿಗೆ ಮಾತು ತಿಳಿಸಿದೆ. ಅವಳ ಮುಖ ಬೂದಿಯಾಯಿತು.

"ಒಡ್ಯಾ," ಎಂದು ಎದ್ದಳು. "ಮನೇಲಿ... ಮನೇಲಿ ಒಬ್ರೇ..."

ಆಣೆ ಅವಳ ಬಾಯಿ ಕಟ್ಟಿತು. ಉಳಿದದ್ದನ್ನು ಹೇಳಬೇಕಾಗಿರಲಿಲ್ಲ. ಪ್ರೇಕ್ಷಾ ಆಟೋ ತರಲು ಆಗಲೇ ಓಡಿದ್ದಳು. ನಾನು ಠಾಣೆಗೆ ಫೋನು ಮಾಡಿ ಬೊಮ್ಮಿಯ ಕೇರಿಯ ಗುರುತು ಹೇಳಿದೆ. ಎಷ್ಟು ಬೇಗ ಹೊರಡುತ್ತಾರೋ ದೇವರೇ ಬಲ್ಲ.

ಆಟೋ ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿತ್ತು. ಬದುಕಿದವಳ ಕಡೆಗೆ ಓಡುವ ಮೊದಲು ಸತ್ತವಳಿಗೆ ಒಂದು ಬೊಗಸೆ ನೀರು ಕೊಡದೆ ನನ್ನ ಕಾಲು ಏಳಲಿಲ್ಲ. ಸೊಪ್ಪಿಗೆ ಚಿಮುಕಿಸುವ ಚೊಂಬನ್ನು ಎತ್ತಿಕೊಂಡೆ. ದಕ್ಷಿಣಕ್ಕೆ ಮುಖ ಮಾಡಿ ನೆಲಕ್ಕೆ ಬಿಟ್ಟೆ.

ತಾಯೀ, ನಿನ್ನ ಹೆಸರು ನನಗೆ ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ. ನಿನ್ನ ದಾರಿ ಕಾಯುವ ಮನೆ ಯಾವ ಊರಲ್ಲಿದೆಯೋ ಗೊತ್ತಿಲ್ಲ. ನಿನ್ನನ್ನು ಸುಟ್ಟು ನಾವು ಇನ್ನೊಬ್ಬಳಿಗಾಗಿ ಅತ್ತೆವು. ತಿಂಗಳು ತಿಂಗಳೂ ಇಟ್ಟ ಅನ್ನ ಇನ್ನೊಬ್ಬಳ ಹೆಸರಿಗೆ ಹೋಯಿತು, ನೀನು ಹಸಿದೇ ಉಳಿದೆ. ಈ ನೀರು ನಿನಗೇ. ಭೂಮಿತಾಯೀ, ಇವಳನ್ನು ನಿನ್ನ ಮಡಿಲಿಗೆ ತೆಗೆದುಕೋ. ಕೇಳುವವರಿಲ್ಲದೆ ಹೋದ ಈ ಜೀವಕ್ಕೆ ಶಾಂತಿ ಕೊಡು.